ಕಾಟನ್‌ವುಡ್‌ಗೆ ಮಂಗಳಾರತಿ

ನನಗೆ ಮರಗಳನ್ನು ಕಂಡರೆ ಕೋಪ. ಇದನ್ನು ಹೊರಗೆ ಹೇಳುವ ಹಾಗಿಲ್ಲ. ಮರ ನೆರಳು ಕೊಡುತ್ತದೆ, ಮರ ಆಮ್ಲಜನಕ ಕೊಡುತ್ತದೆ ಎಂದು ಮೂರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ ಮೇಷ್ಟ್ರ ಮೇಲೂ ನನಗೆ ಕೋಪವೇ. ಇನ್ನೇನು ಕೊಡುತ್ತದೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನ್ನ ಒಂಬತ್ತು ವರ್ಷದ ಮಗಳು ಅನಘಾಳ ಎಡಹುಬ್ಬು ಆ ವರ್ಷ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ಆಗ ರಿಸೆಷನ್ನು. ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಬಿಡಿಭಾಗಗಳನ್ನು ನಂಬಿಕೊಂಡಿದ್ದ ನಮ್ಮಂಥ ಇಂಜಿನಿಯರುಗಳು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆ ಸೇರುತ್ತಿದ್ದರು. ಪ್ಲಿಮತ್‌ನ ಆಫೀಸಿನಲ್ಲಿ ನನ್ನನ್ನು ಎಷ್ಟು ಮರ್ಯಾದೆಯಿಂದ ತೆಗೆದುಹಾಕಿದರೆಂದರೆ, ಎದ್ದು ಬರುವಾಗ ನಾನೇ ಥ್ಯಾಂಕ್ಸ್ ಹೇಳಿ ಬಂದೆ. ಆ ಕೋಪವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಐದು ತಿಂಗಳು ಹುಲ್ಲು ಕತ್ತರಿಸುತ್ತಿದ್ದೆ. ವಾರಕ್ಕೆ ಎರಡು ಸಲ.

ನಮ್ಮ ಹಿತ್ತಲಲ್ಲಿ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪದ ಕಾಟನ್‌ವುಡ್ ಮರವಿತ್ತು. ಪಕ್ಕದ ಬೀದಿಯ ಶಾರದಾ ಆಂಟಿ ಒಂದು ದಿನ ಅದರ ಕೆಳಗೆ ನಿಂತು ತಲೆಯೆತ್ತಿದರು. ಮೈಸೂರಿನವರು. ಅವರ ಮಗನ ಕೆಲಸವೂ ಹೋಗಿತ್ತು.

"ನೋಡಪ್ಪಾ, ಎಲೆ ಥೇಟ್ ಅಶ್ವತ್ಥದ್ದೇ! ಗಾಳಿ ಇಲ್ದೇ ಇದ್ರೂ ಹೇಗೆ ಅಲ್ಲಾಡ್ತಿದೆ ನೋಡು. ಶನಿವಾರ ಶನಿವಾರ ಪ್ರದಕ್ಷಿಣೆ ಹಾಕಿದ್ರೆ ಎಲ್ರಿಗೂ ಕೆಲಸ ಸಿಗತ್ತೆ."

"ಅಮೆರಿಕಾದ ಅಶ್ವತ್ಥರೀ ಇದು," ಎಂದರು ಧಾರವಾಡದ ಬಸವರಾಜ, ನನ್ನ ಜೊತೆಯಲ್ಲೇ ಕೆಲಸ ಕಳೆದುಕೊಂಡವರು. "ನಮ್ಮ ವೀಸಾದ ಚಿಂತಿ ಇದಕ್ಕೇನ್ ತಿಳೀತದ?"

ಹೀಗೆಂದವರೇ ಮೊದಲ ಶನಿವಾರ ಪಂಚೆಯುಟ್ಟು ಬಂದರು. ಮೂರನೇ ಶನಿವಾರ ನನ್ನ ಡ್ರೈವ್‌ವೇ ಸಾಲದೆ ಬೀದಿಯುದ್ದಕ್ಕೂ ಕಾರುಗಳು. ಆಂಟಿ ಒಂದು ಗಂಟೆ ತಂದರು. ಅದನ್ನು ತೂಗುಹಾಕಲು ಮರಕ್ಕೆ ಕೊಕ್ಕೆ ಬೇಕಾಯಿತು. ಐದು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಕೆಲಸಕ್ಕೆ ಇಂಜಿನಿಯರು ಬೇಕಾಗಿದ್ದ! ಗರಾಜಿನಿಂದ ಡ್ರಿಲ್ ತಂದೆ, ಇದ್ದುದರಲ್ಲೇ ಉದ್ದನೆಯ ಬಿಟ್ ಹಾಕಿದೆ. ಎರಡಿಂಚು ಸಾಕಿದ್ದ ಕಡೆ, ಎಲ್ಲರೂ ನೋಡುತ್ತಿದ್ದಾರೆಂಬ ಹುರುಪಿನಲ್ಲಿ ಒಂದಡಿ ಕೊರೆದೆ. ತೂತು ಕೊಕ್ಕೆಗಿಂತ ದೊಡ್ಡದಾಯಿತು. ಹುಳಿ ನಾತದ ನೀರು ಜಿನುಗಿತು. ಅದನ್ನು ಹಾಗೇ ಬಿಟ್ಟು ಮೇಲೆ ಇನ್ನೊಂದು ಕೊರೆದು ಗಂಟೆ ಕಟ್ಟಿದೆ. ಬಿಟ್ಟ ತೂತು ಬೋಳಾಗಿ ಕಾಣುತ್ತದೆಂದು ಆಂಟಿ ಅದರ ಸುತ್ತ ಅರಿಶಿನ ಕುಂಕುಮ ಹಚ್ಚಿದರು. ನಮ್ಮಲ್ಲಿ ಕುಂಕುಮ ಬಿದ್ದದ್ದಕ್ಕೆ ಆರತಿ ಬೀಳದೆ ಇರುತ್ತದೆಯೇ?

ಅನಘಾ ಗಂಟೆಯ ದಾರ ಹಿಡಿದು ಮರಕ್ಕೆ ಅಂಟಿಕೊಂಡೇ ನಿಂತಿದ್ದಳು. ಆಂಟಿ ಉರಿಯುವ ಕರ್ಪೂರದ ತಟ್ಟೆಯನ್ನು ತೂತಿನ ಮುಂದೆ ಎತ್ತಿದರು. ಭಗ್ ಎಂದಿತು. ಮೊಳದುದ್ದದ ನೀಲಿ ಬೆಂಕಿ ಮರದ ಹೊಟ್ಟೆಯಿಂದ ಹೊರಗೆ ಚಾಚಿತು. ಬಸವರಾಜ ಮಗುವಿನ ರಟ್ಟೆ ಹಿಡಿದು ಎಳೆದರು, ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಸುಟ್ಟ ಕೂದಲ ವಾಸನೆ. ಇವತ್ತಿಗೂ ಅಡಿಗೆಮನೆಯಲ್ಲಿ ಒಲೆ ಭಗ್ ಎಂದರೆ ನನ್ನ ಕೈ ತಾನಾಗಿ ಮಗಳನ್ನು ಹುಡುಕುತ್ತದೆ. ಅವಳು ಶಾಲೆಯಲ್ಲಿದ್ದರೂ.

ಆ ಬೆಂಕಿ ಕೂಡಲೇ ಆರಲಿಲ್ಲ, ಸ್ಟವ್ ಹಾಗೆ ಸುಮಾರು ಹೊತ್ತು ಉರಿಯುತ್ತಲೇ ಇತ್ತು. ಮಗು ಅಳುತ್ತಿದ್ದರೆ, ಅರ್ಧ ಜನ ಸಾಷ್ಟಾಂಗ ಬಿದ್ದಿದ್ದರು! "ಜ್ಯೋತಿ ಕಾಣಿಸ್ತು ಕಣಪ್ಪಾ," ಎಂದು ಆಂಟಿ ಕಣ್ಣೊರೆಸಿಕೊಂಡರು. "ಇನ್ನು ಕೆಲಸ ಸಿಕ್ಕ ಹಾಗೇ."

ಸೋಮವಾರ ಕೌಂಟಿ ಕಚೇರಿಯ ಮರತಜ್ಞೆಗೆ ಫೋನ್ ಮಾಡಿ ಕೂಗಾಡಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಹಳೆಯ ಮರದ ತಿರುಳು ನೆನೆದು ಕೊಳೆತರೆ, ಗಾಳಿಯಾಡದ ಆ ಜಾಗದಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವಂತೆ. ಈ ಉತ್ತರದ ಕಾಡುಗಳಲ್ಲಿ ಎಷ್ಟೋ ಮರಗಳು ಅದನ್ನು ಸದ್ದಿಲ್ಲದೆ ಹೊರಗೆ ಬಿಡುತ್ತಿರುತ್ತವಂತೆ. ಅಂದರೆ ಗೋಬರ್ ಗ್ಯಾಸ್! ಗುಂಡಿ ಮಾತ್ರ ನೆಟ್ಟಗೆ ನಿಂತು ಎಲೆ ಬಿಟ್ಟಿದೆ. "ಅದರ ಹತ್ತಿರ ಬೆಂಕಿ ಯಾಕೆ ತಗೊಂಡು ಹೋದಿರಿ?" ಎಂದು ಆಕೆ ಕೇಳಿದಳು. ಅವಳಿಗೆ ಮಂಗಳಾರತಿಯನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನ್ನ ಕೋಪ ದುಪ್ಪಟ್ಟಾಯಿತು.

ಪ್ರತಿ ಮನೆಗೂ ಫೋನ್ ಮಾಡಿ, ಬರಬೇಡಿ, ಅದು ಗ್ಯಾಸು ಎಂದೆ. ನಮ್ಮವರಿಗೆ ಬರಬೇಡಿ ಎಂದರೆ, ಪಾಪ, ಸಂಕೋಚ ಪಡುತ್ತಿದ್ದಾನೆ ಎಂದೇ ಅರ್ಥ. ಸಾಲದ್ದಕ್ಕೆ ಬುಧವಾರ ಬಸವರಾಜರಿಗೆ ಡಿಯರ್‌ಬಾರ್ನ್‌ನ ಒಂದು ಕಂಪನಿಯಿಂದ ಇಂಟರ್‌ವ್ಯೂ ಕರೆ ಬಂತು. ಶನಿವಾರ ಅಷ್ಟು ದೂರದ ಟ್ರಾಯ್ ಊರಿನಿಂದಲೂ ಕಾರುಗಳು ಬಂದವು. ಈ ಸಲ ಮಕ್ಕಳ ಕೈಯಲ್ಲೇ ಆರತಿ ಮಾಡಿಸುವುದೆಂದು ಆಂಟಿ ಏಳೆಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು.

"ಆಂಟಿ, ಅದು ಮೀಥೇನು! ಮಕ್ಕಳ ಮುಖ ಸುಡತ್ತೆ!"

"ಮೀಥೇನೋ ಗೀಥೇನೋ, ಉರಿದದ್ದು ಬೆಂಕಿ ತಾನೇ? ಬೆಂಕಿಗೆ ಕೈ ಮುಗೀಬಾರ್ದಾ?"

"ಒಮ್ಮೆ ಆಗ್ಲಿ ಬಿಡ್ರೀ ಸರ," ಎಂದರು ಬಸವರಾಜ. "ಸೋಮವಾರ ನಂದು ಇಂಟರ್‌ವ್ಯೂ ಐತಿ."

ಆಂಟಿ ಬೆಂಕಿಕಡ್ಡಿ ಗೀರಿದರು. ನಾನು ಹುಲ್ಲಿಗೆ ನೀರು ಬಿಡುವ ಪೈಪಿನ ನಲ್ಲಿಯನ್ನು ಪೂರಾ ತಿರುಗಿಸಿ ನೀರನ್ನು ಅತ್ತ ಹಿಡಿದೆ. ಕರ್ಪೂರ, ತಟ್ಟೆ, ಪಂಚಾಮೃತ, ಆಂಟಿಯ ರೇಷ್ಮೆ ಸೀರೆ ಎಲ್ಲಾ ತೊಯ್ದು ತೊಪ್ಪೆ. ಐದು ತಿಂಗಳು ಒಳಗಿದ್ದದ್ದೆಲ್ಲ ಬಾಯಿಂದಲೂ ಬಂತು. "ಒಂದು ಮಗುವಿನ ಮುಖ ಸುಟ್ಟರೆ ನಿಮ್ಮ ಕೆಲಸ ಯಾರಿಗೆ ಬೇಕ್ರೀ? ಮನುಷ್ಯರೇನ್ರೀ ನೀವು?" ಎಂದು ಕಿರುಚಿದೆ. ಮಕ್ಕಳನ್ನು ಎಳೆದುಕೊಂಡು ಎಲ್ಲರೂ ಗೇಟಿನತ್ತ ನಡೆದರು.

ಆಂಟಿ ಮಾತ್ರ ನಿಂತಿದ್ದರು. ಸೆರಗು ಹಿಂಡುತ್ತಾ, ಸ್ವಲ್ಪವೂ ದನಿ ಏರಿಸದೆ ಕೇಳಿದರು:

"ನಾನು ತಿಳೀದೆ ಮಾಡಿದೆ, ಒಪ್ಕೋತೀನಿ. ಅವತ್ತು ಮಗು ಮೊದಲು ದೂರ ನಿಂತಿತ್ತಲ್ಲಪ್ಪಾ. ಇನ್ನೂ ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು ಅಂತ ಮರದ ಹತ್ರ ಕಳ್ಸಿದ್ದು ಯಾರು?"

ಗಂಟೆ, ಮಗಳು, ಆರತಿ ಮೂರೂ ಒಂದೇ ಫ್ರೇಮಿನಲ್ಲಿ ಸಿಗಬೇಕಿತ್ತು. ಆ ಫೋಟೋ ನನ್ನ ಹತ್ತಿರ ಇದೆ, ಬಹಳ ಚೆನ್ನಾಗಿ ಬಂದಿದೆ. ಆಂಟಿ ಇದ್ದಾರೆ, ಬಸವರಾಜರ ಚಾಚಿದ ಕೈ ಇದೆ, ಮಗಳು ನಗುತ್ತಿದ್ದಾಳೆ. ನಾನು ಇಲ್ಲ. ತೆಗೆಯುವವನು ಫೋಟೋದಲ್ಲಿ ಬರುವುದಿಲ್ಲವಲ್ಲ, ಅದೊಂದು ಅನುಕೂಲ.