ಎರಡು ಸಾವಿರ ಹಾಡುಗಳ ವಿಲೇವಾರಿ

"ಹನ್ನೆರಡು ಸಾವಿರ ಪುಸ್ತಕಗಳನ್ನ ಕಣ್ಣು ಮುಚ್ಚಿ ಹುಡುಕಿಕೊಡೋನಿಗೆ ಎರಡು ಸಾವಿರ ಹಾಡು ಯಾವ ಮಹಾ! ಫೋನ್ ಇಲ್ಲಿ ಕೊಡೇ!"

ಕಾಲೇಜಿನ ಗ್ರಂಥಪಾಲಕರು ಹೀಗೆ ಘೋಷಿಸಿ, ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತಾಗ ಭಾನುವಾರ ಬೆಳಗಿನ ಒಂಬತ್ತು ಗಂಟೆ. ಹೆಂಡತಿ ತಕ್ಷಣ ಕೊಡಲಿಲ್ಲ. ಕೂಸನ್ನು ಗುರುತಿಲ್ಲದವರ ಕೈಗೆ ಕೊಡುವವಳಂತೆ ಫೋನನ್ನು ಒಂದು ಕ್ಷಣ ಎದೆಗವಚಿಕೊಂಡಳು.

ಅವಳದು ಜಮೀನು ಅಳೆಯುವ ಸರ್ವೇ ಕೆಲಸ. ಮರುದಿನ ಹತ್ತಕ್ಕೆ ಜೀಪು ಬರುವುದಿತ್ತು; ಮುಂದೆ ನಲವತ್ತು ದಿನ ಕಾಡಿನಲ್ಲಿ ಕ್ಯಾಂಪು. ಅಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಡೇರೆಗೆ ಮರಳಿದರೆ ಮೌನ ಬಂದು ಪಕ್ಕದಲ್ಲೇ ಕೂತುಬಿಡುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಹೋದ ವರ್ಷ ಅದರ ಜೊತೆ ನಲವತ್ತು ದಿನ ಕಳೆದು ಬಂದವಳು, ಈ ಸಲ ಹಾಡುಗಳಿಲ್ಲದೆ ಹೊರಡುವುದಿಲ್ಲವೆಂದು ಹಟ ಹಿಡಿದಿದ್ದಳು. ಹನ್ನೊಂದು ವರ್ಷ ಒಂದೊಂದಾಗಿ ಅವಳು ಕೂಡಿಟ್ಟ ಹಾಡುಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು.

ವೈರು ಚುಚ್ಚಿದ ಕೂಡಲೇ ಫೋನು ಕೇಳಿತು: ಈ ಕಂಪ್ಯೂಟರನ್ನು ನಂಬುತ್ತೀರಾ?

"ನೋಡೇ ಇದರ ಸೊಕ್ಕು! ಹನ್ನೊಂದು ವರ್ಷದಿಂದ ಮನೇಲಿರೋದನ್ನ ನಂಬ್ತೀರಾ ಅಂತ ಕೇಳುತ್ತೆ!"

"ಹೌದು ಅಂತ ಒತ್ರೀ. ಅದರ ಮುಂದೆ ಕೂತಿರೋರನ್ನ ನಂಬ್ತೀರಾ ಅಂತ ಕೇಳಲಿಲ್ಲವಲ್ಲ, ಪುಣ್ಯ!"

ಮುಂದಿನ ಪ್ರಶ್ನೆ: ವೈರು ಚುಚ್ಚಿದಾಗಲೆಲ್ಲ ಹಾಡುಗಳು ಕಂಪ್ಯೂಟರಿನಲ್ಲಿ ಇದ್ದಂತೆಯೇ ಫೋನಿನಲ್ಲೂ ಇರಬೇಕೆ? ಗ್ರಂಥಪಾಲಕರ ಮುಖ ಅರಳಿತು. ಇದ್ದಂತೆಯೇ! ಶಿಸ್ತು ಎಂದರೆ ಇದು! ಹೌದು ಎಂದು ಒತ್ತಿದರು.

ಹಾಡುಗಳ ದಿಬ್ಬಣ ಹೊರಟಿತು. ಶೇಕಡಾ ಹದಿನೇಳರಲ್ಲಿ ನಿಂತಿತು, ವೈರು ಅಲುಗಿಸಿದರು. ನಲವತ್ತರಲ್ಲಿ ನಿಂತಿತು, ಗದರಿದರು. ಬೇಸರ ಕಳೆಯಲು ಫೋನಿನ ರೆಕಾರ್ಡರು ತೆರೆದು, ಹೆಂಡತಿಯ ಅನುಕೂಲಕ್ಕೆಂದು "ಹಾಡುಗಳನ್ನು ವರ್ಗೀಕರಿಸುವ ವಿಧಾನ, ನಿಯಮ ಒಂದು" ಎಂದು ಆರಂಭಿಸಿ ನಲವತ್ತೆರಡು ನಿಮಿಷ ಉಪನ್ಯಾಸ ಕೊಟ್ಟರು. ತೊಂಬತ್ತೊಂಬತ್ತಕ್ಕೆ ಬಂದದ್ದು ಒಂದೂವರೆ ಗಂಟೆ ಅಲ್ಲೇ ಠಿಕಾಣಿ ಹೂಡಿದಾಗ ಮಾತ್ರ, "ಒಂದು ಪರ್ಸೆಂಟು, ಒಂದೇ ಒಂದು!" ಎಂದು ಪರದೆಗೆ ಕೈಮುಗಿದರು.

ಅಂತೂ ಮೂರು ಗಂಟೆಗೆ ಮುಗಿಯಿತು. ಹೆಂಡತಿ ಒಂದು ಹಾಡು ಹಾಕಿ ಕಣ್ಣು ಮುಚ್ಚಿದಳು. "ಪರವಾಗಿಲ್ಲ ಕಣ್ರೀ," ಎಂದು ನಕ್ಕು ಬಟ್ಟೆ ಮಡಚಲು ಹೋದಳು.

ಅಲ್ಲಿಗೆ ಎದ್ದುಬಿಟ್ಟಿದ್ದರೆ! ಆದರೆ ಇಪ್ಪತ್ತು ವರ್ಷದ ಗ್ರಂಥಾಲಯದ ಅಭ್ಯಾಸ ಸುಮ್ಮನೆ ಬಿಟ್ಟೀತೆ? ಹೊರಗೆ ಹೋದ ಪುಸ್ತಕ ಕಪಾಟಿನಲ್ಲೂ ಇದ್ದರೆ ಅವರಿಗೆ ಊಟ ಸೇರುವುದಿಲ್ಲ. ಫೋನಿಗೆ ಹೋದ ಹಾಡುಗಳು ಇಲ್ಲಿ ಇನ್ನೂ ಕೂತಿರುವುದು ಯಾವ ನ್ಯಾಯ? ಎಲ್ಲವನ್ನೂ ಅಳಿಸಿದರು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಕಸ ಕಂಡರೂ ಅವರಿಗಾಗದು.

ಸೋಮವಾರ ಬೆಳಿಗ್ಗೆ, ಬ್ಯಾಟರಿ ತುಂಬಿರಲೆಂಬ ಪತಿಪ್ರೇಮದಿಂದ, ಅದೇ ವೈರನ್ನು ಅದೇ ಕಂಪ್ಯೂಟರಿಗೆ ಚುಚ್ಚಿದರು. ಆರು ಗಂಟೆ ಸತಾಯಿಸಿದ್ದ ಯಂತ್ರ ಈ ಸಲ ಮೂರೇ ಸೆಕೆಂಡಿನಲ್ಲಿ ಆಜ್ಞೆ ಪಾಲಿಸಿತು! ಕಂಪ್ಯೂಟರಿನಲ್ಲಿ ಇದ್ದಂತೆಯೇ ಫೋನಿನಲ್ಲೂ ಆಯಿತು. ಅಂದರೆ ಸೊನ್ನೆ.

ಹೊರಗೆ ಜೀಪಿನ ಹಾರ್ನು.

"ರೀ... ನನ್ನ ಹಾಡುಗಳೆಲ್ಲಿ?"

"ಫೋನಲ್ಲಿ."

"ಇಲ್ಲ."

"ಹಾಗಾದ್ರೆ ಕಂಪ್ಯೂಟರಲ್ಲಿ..."

"ಅಳಿಸಿದ್ರಾ?"

"ಒಂದು ಸಲ ಇಶ್ಯೂ ಆದ ಮೇಲೆ..."

"ಅದೇನು ನಿಮ್ಮ ಲೈಬ್ರರಿ ಪುಸ್ತಕಾನಾ? ಆಗಿದ್ರೆ ವಾಪಸ್ಸಾದ್ರೂ ಬರ್ತಿತ್ತು!"

ಅದಕ್ಕಿಂತ ಹೆಚ್ಚು ಅವಳು ಬೈಯಲಿಲ್ಲ. ಜೀಪಿನಲ್ಲಿ ಕೂತು, ಅಭ್ಯಾಸಬಲದಿಂದ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ಮತ್ತೆ ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೇ ವಾಸಿಯಿತ್ತು!

ಗ್ರಂಥಪಾಲಕರು ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡಿದರು. "ಹಾಡು ಬರ್ತವೆ ಸಾರ್," ಎಂದ ರಿಪೇರಿಯವನು. "ಹೆಸರು ಬರಲ್ಲ."

ಬಂದವು, ಬರೀ ನಂಬರು ಹೊತ್ತುಕೊಂಡು. ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕು. ರಾಗಕ್ಕೂ ಪ್ರೆಶರ್ ಕುಕ್ಕರಿನ ಸೀಟಿಗೂ ವ್ಯತ್ಯಾಸ ತಿಳಿಯದ ಮನುಷ್ಯ ದಿನಾ ಸಂಜೆ ಕೂತು ಕೇಳಿದರು, ಬರೆದರು. ಹದಿಮೂರು ದಿನಕ್ಕೆ ಅರವತ್ತಮೂರು ಹಾಡಿಗೆ ನಾಮಕರಣವಾಯಿತು: "ಹೆಂಗಸು, ದುಃಖ." "ಹೆಂಗಸು, ಅದೇ ದುಃಖ, ಪಿಟೀಲು ಸಮೇತ." "ಗಂಡಸು, ಕಾರಣ ತಿಳಿಯದು."

ಅಂದೇ ಅವಳ ಫೋನು ಬಂತು. ದಿನಸಿಗೆಂದು ಕ್ಯಾಂಪಿನವರ ಜೊತೆ ಕಾಡಿನಿಂದ ಪೇಟೆಗೆ ಬಂದಿದ್ದಳು.

"ಹೇಗಿದ್ದೀಯೇ? ಹಾಡಿಲ್ದೆ..."

"ಒಂದು ಫೈಲು ಉಳಿದಿತ್ತು ಕಣ್ರೀ. ರೆಕಾರ್ಡರಲ್ಲಿ. ನಿಮ್ಮ ಉಪನ್ಯಾಸ."

ಎದೆ ಒಂದಿಷ್ಟು ಉಬ್ಬಿತು. "ಕೇಳಿದ್ಯಾ?"

"ದಿನಾ! ಕ್ಯಾಂಪಿನ ಏಳೂ ಜನ ಕೇಳ್ತೀವಿ. ಅದಿಲ್ಲದಿದ್ರೆ ಈ ಸಲ ಏನು ಗತಿಯಾಗ್ತಿತ್ತೋ!"

"ನಾನು ಹೇಳಲಿಲ್ವಾ!" ಗ್ರಂಥಪಾಲಕರು ನೆಟ್ಟಗೆ ಕೂತರು. "ಐದನೇ ನಿಯಮ ಹೇಗಿದೆ? ಅದು ನನ್ನ ಸ್ವಂತದ್ದು."

ಆ ಕಡೆ ಏಳೂ ಜನ ಗೊಳ್ಳೆಂದು ನಕ್ಕದ್ದು ಕೇಳಿಸಿತು.

"ಗೊತ್ತಿಲ್ಲಾರೀ. ಎರಡನೇ ನಿಯಮ ಮುಗಿಯೋವರೆಗೂ ಇಲ್ಲಿ ಯಾರೂ ಎಚ್ಚರ ಇದ್ದಿದ್ದೇ ಇಲ್ಲ!"