ಎರಡು ಲೀಟರ್ ಡಬ್ಬಿಯೊಳಗಿನ ಹೃದಯ

ತಪ್ಪು ಯಾರದು ಅಂತ ಕೇಳಿದರೆ ಬಸವಕಿರಣ ಇವತ್ತಿಗೂ ಐಸ್‌ಕ್ರೀಮ್ ಡಬ್ಬಿಯ ಕಡೆಗೇ ಬೆರಳು ತೋರಿಸುತ್ತಾನೆ. ಪರದೇಶದ ತಕಾನಿನಿ ಎಂಬ ಊರಿನ ಅವನ ಮನೆಯ ಫ್ರಿಜ್ಜಿನಲ್ಲಿ ಎರಡು ಲೀಟರಿನ ಐಸ್‌ಕ್ರೀಮ್ ಡಬ್ಬಿಗಳು ಯಾವಾಗ ನೋಡಿದರೂ ಏಳೆಂಟು ಇರುತ್ತವೆ. ಐಸ್‌ಕ್ರೀಮ್ ಮಾತ್ರ ಒಂದರಲ್ಲೂ ಇರುವುದಿಲ್ಲ. ಒಂದರಲ್ಲಿ ದೋಸೆ ಹಿಟ್ಟು, ಒಂದರಲ್ಲಿ ಕೆಂಪು ಖಾರ, ಇನ್ನೊಂದರಲ್ಲಿ ನೆನೆಸಿಟ್ಟ ಮಡಕಿ ಕಾಳು. ಯಾವುದರಲ್ಲಿ ಏನಿದೆ ಅಂತ ಮುಚ್ಚಳ ತೆಗೆಯದೆ ಹೇಳಬಲ್ಲವಳು ಅವನ ತಾಯಿ ಬಸವ್ವ ಒಬ್ಬಳೇ. ಆ ಶನಿವಾರ ಬೆಳಿಗ್ಗೆ ಕಿರಣ, ತಾಯಿ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹೊತ್ತು ನೋಡಿ, ಹಿಟ್ಟಿನ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಅದರ ಜಾಗದಲ್ಲಿ ಹೊಸದೊಂದು ಡಬ್ಬಿ ಇಟ್ಟ. ಅದರಲ್ಲಿ ತಣ್ಣೀರು, ತಣ್ಣೀರಿನಲ್ಲಿ ಒಂದು ಕುರಿಯ ಹೃದಯ.

ಗಾಬರಿ ಬೇಡ, ಅವನೇನೂ ಮಾಂಸ ತಿನ್ನುವುದಕ್ಕೆ ಇಳಿದಿರಲಿಲ್ಲ. ಕಿರಣ ಸಿವಿಲ್ ಎಂಜಿನಿಯರು, ಮಳೆನೀರಿನ ಕೊಳವೆಗಳ ನಕ್ಷೆ ಹಾಕುವುದು ಅವನ ಕೆಲಸ. ಹತ್ತು ವರ್ಷ ಚರಂಡಿ ಹಾಕಿ ಹಾಕಿ, ಮೂವತ್ಮೂರನೇ ವಯಸ್ಸಿನಲ್ಲಿ ಅವನಿಗೆ ತಾನು ಡಾಕ್ಟರಾಗಲೇಬೇಕು ಅನ್ನಿಸಿಬಿಟ್ಟಿತು. ಮೆಡಿಕಲ್ಲಿಗೆ ಅರ್ಜಿ ಹಾಕಬೇಕಾದರೆ ಮೊದಲು ಜೀವಶಾಸ್ತ್ರ, ರಸಾಯನಶಾಸ್ತ್ರ ಪಾಸಾಗಿರಬೇಕು. ಹಾಗಾಗಿ ಒಂದು ವರ್ಷದಿಂದ ಗ್ಯಾರೇಜಿನಲ್ಲಿ, ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ ಮೇಜು ಹಾಕಿಕೊಂಡು ಆನ್‌ಲೈನಿನಲ್ಲಿ ಓದುತ್ತಿದ್ದ. ಅಪ್ಪ ಅವ್ವನಿಗೆ ಅದು ಆಫೀಸಿನ ಪ್ರಮೋಷನ್ ಕೋರ್ಸು ಅಂತ ಹೇಳಿದ್ದ. ನಿಜ ಗೊತ್ತಿದ್ದದ್ದು ಹೆಂಡತಿ ವಚನಾಗೆ ಮಾತ್ರ.

ಥಿಯರಿಯಲ್ಲಿ ನೂರಕ್ಕೆ ತೊಂಬತ್ತಾರು ಬಂದಿತ್ತು. ಹೃದಯವೆಂದರೆ ಒಂದು ಪಂಪು, ನಾಲ್ಕು ವಾಲ್ವು. ಕೊಳವೆ ಎಂಜಿನಿಯರನಿಗೆ ಅದೇನು ಮಹಾ! ಉಳಿದಿದ್ದು ಒಂದೇ ಪ್ರಾಕ್ಟಿಕಲ್. ಆ ದಿನ ಸಂಜೆ ನಾಲ್ಕಕ್ಕೆ ಕ್ಯಾಮೆರಾದ ಎದುರು, ಟ್ಯೂಟರ್ ನೋಡುತ್ತಿದ್ದಂತೆ, ಕುರಿಯ ಹೃದಯ ಕೊಯ್ದು ಒಳಗಿನ ಭಾಗಗಳನ್ನು ತೋರಿಸಬೇಕು. ಅದು ತಪ್ಪಿದರೆ ಅಂಕಪಟ್ಟಿ ಇಲ್ಲ; ಸೋಮವಾರ ಅರ್ಜಿಯ ಕಡೆಯ ದಿನ; ಅಂಕಪಟ್ಟಿ ಇಲ್ಲದಿದ್ದರೆ ಒಂದು ವರ್ಷ ನೀರಿಗೆ ಹೋದಂತೆ.

ಕೊಯ್ಯುವುದನ್ನು ಅವನು ದೊಣ್ಣಮೆಣಸಿನಕಾಯಿಯ ಮೇಲೆ ಅಭ್ಯಾಸ ಮಾಡಿದ್ದ. ಆ ವಾರವೆಲ್ಲ ಮನೆಯಲ್ಲಿ ಅದರದೇ ಪಲ್ಯ. ಆದರೆ ಕುರಿಯ ಹೃದಯವನ್ನು ಬಸವ್ವನ ಮನೆಯೊಳಗೆ ತರುವುದೆಂದರೆ ಹುಡುಗಾಟವೇ? ಯಾರೋ ಪ್ರೀತಿಯಿಂದ ತಂದ ಕೇಕನ್ನು, ಮೊಟ್ಟೆ ಹಾಕಿದೆ ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸಿದ ಹೆಂಗಸು ಆಕೆ. ಮಾಂಸದಂಗಡಿಯವನು ಬೇರೆ "ನಾಯಿಗಾ?" ಅಂತ ಕೇಳಿದ್ದ. "ಇಲ್ಲ, ಓದೋದಕ್ಕೆ" ಅಂತ ಕಿರಣ ಸತ್ಯ ನುಡಿದಾಗ ಆತ ಚಾಕು ಕೆಳಗಿಟ್ಟು ಇವನ ಮುಖವನ್ನೇ ನೋಡಿದ್ದ.

ಮೂರೂವರೆಗೆ ಕಿರಣ ಮೆಲ್ಲಗೆ ಫ್ರಿಜ್ಜಿನ ಬಾಗಿಲು ತೆಗೆದ. ಒಂದು ಡಬ್ಬಿ ತೆಗೆದ, ಕಾಳು. ಇನ್ನೊಂದು, ಖಾರ. ಮತ್ತೊಂದು, ದೋಸೆ ಹಿಟ್ಟು. ಎಲ್ಲ ಮುಚ್ಚಳ ತೆಗೆದು ನೋಡಿದರೂ ಹೃದಯ ಸಿಗಲಿಲ್ಲ.

"ಅವ್ವಾ, ಇಲ್ಲೊಂದು ಡಬ್ಬಿ ಇತ್ತಲ್ಲ?"

"ಇರೂವೆಲ್ಲಾ ಡಬ್ಬಿನ ಅದಾವಲ್ಲೋ ಅಲ್ಲೆ," ಅಂದಳು ಬಸವ್ವ, ಕೊತ್ತಂಬರಿ ಸೋಸುತ್ತ.

"ಮ್ಯಾಲಿನ ಹಲಗಿ ಮ್ಯಾಲ, ಮುಂದಿಂದು."

"ಅದಾ? ಕಾಮಾಕ್ಷಿಯವರು ಬಂದಿದ್ರು. ಸಂಜೀಕ ಮಂದಿ ಬರ್ತಾರಂತ, ಅವರ ಹಿಟ್ಟು ಉಬ್ಬಿಲ್ಲಂತ. ದ್ವಾಸಿ ಹಿಟ್ಟಿನ ಡಬ್ಬಿ ಎತ್ತಿ ಕೊಟ್ಟೆ. ಯಾಕೋ, ಮಾರಿ ಯಾಕ ಹಂಗ ಮಾಡಿದಿ?"

ಕಿರಣ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ.

ಪಕ್ಕದ ಮನೆಯ ಕಾಮಾಕ್ಷಿ ಮೈಸೂರಿನವರು. ಅವರ ಮಡಿ ಬಸವ್ವನದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಗಂಡ ಉದಯಶಂಕರ್ ಸಾಫ್ಟ್‌ವೇರಿನವರು. ಬೀದಿಯಲ್ಲಿ ಯಾರ ಕಸದ ಡಬ್ಬಿ ತಪ್ಪು ದಿನ ಹೊರಗೆ ಬಂದರೂ ಕೌನ್ಸಿಲ್ಲಿಗೆ ದೂರು ಬರೆಯುವ ಮನುಷ್ಯ. ಕಿರಣ ಅವರ ಅಂಗಳ ಮುಟ್ಟುವುದಕ್ಕೂ ಒಳಗಿಂದ ಕಿರುಚಾಟ ಕೇಳುವುದಕ್ಕೂ ಸರಿಹೋಯಿತು.

"ಸೌಟು ಹಾಕಿಬಿಟ್ಟೆ ಕಣ್ರೀ, ಸೌಟು!" ಕಾಮಾಕ್ಷಿ ಗೋಡೆಗೆ ಒರಗಿ ನಿಂತಿದ್ದರು. "ಬಸವ್ವನವರ ಹಿಟ್ಟು ಇವತ್ಯಾಕೋ ನೀರಾಗಿದೆ ಅಂದ್ಕೊಂಡು ತಳದಿಂದ ಕಲಸ್ತೀನಿ, ಏನೋ ಮೆತ್ತಗೆ ತಗುಲ್ತು! ಯಾರೋ ನಮಗೆ ಮಾಟ ಮಾಡ್ಸಿದಾರೆ!"

"ಮಾಟವೂ ಇಲ್ಲ, ಮಣ್ಣೂ ಇಲ್ಲ. ಇದು ಕೊಲೆ!" ಉದಯಶಂಕರ್ ಒಂದು ಕೈಯಲ್ಲಿ ಬಾರ್ಬೆಕ್ಯೂ ಇಕ್ಕಳ, ಇನ್ನೊಂದರಲ್ಲಿ ಫೋನು ಹಿಡಿದಿದ್ದರು. ಈ ದೇಶದಲ್ಲಿ ಪೊಲೀಸರನ್ನು ಕರೆಯಬೇಕಾದರೆ ಒಂದನ್ನು ಮೂರು ಸಲ ಒತ್ತಬೇಕು. ಅವರು ಎರಡು ಸಲ ಒತ್ತಿಯಾಗಿತ್ತು.

"ಅಂಕಲ್, ಒತ್ತಬ್ಯಾಡ್ರಿ! ಅದು ನಂದು!" ಕಿರಣ ಬಾಗಿಲಿನಿಂದಲೇ ಕೂಗಿದ.

ಉದಯಶಂಕರ್ ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ಕಿರಣನ ಎದೆ ನೋಡಿದರು.

"ಅಂದ್ರ, ಕುರೀದು ಅಂಕಲ್. ನಾನ ಅಂಗಡಿಯಿಂದ ತಂದಿದ್ದೆ."

ಇದರಿಂದ ಪರಿಸ್ಥಿತಿ ಸುಧಾರಿಸಿತು ಅಂದುಕೊಂಡರೆ ತಪ್ಪು. ಕಾಮಾಕ್ಷಿಗೆ ಕೊಲೆಯಾದರೂ ಪರವಾಗಿರಲಿಲ್ಲ, ಇದು ತಡೆಯಲಾಗಲಿಲ್ಲ. "ಅಯ್ಯಯ್ಯೋ! ತಿನ್ನೋಕೆ ಶುರು ಮಾಡಿದ್ಯೇನೋ? ಅಂಥಾ ತಾಯಿ ಹೊಟ್ಟೇಲಿ ಹುಟ್ಟಿ! ಬಸವ್ವನವರಿಗೆ ಗೊತ್ತೇನೋ?"

"ಗೊತ್ತಿಲ್ಲ ಆಂಟಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ."

ಕಾಮಾಕ್ಷಿಗೆ ಹೇಳಬೇಡಿ ಅಂದ ಮೇಲೆ ಮುಗಿಯಿತಲ್ಲ. ಮೆರವಣಿಗೆ ಹೊರಟೇ ಬಿಟ್ಟಿತು. ಮುಂದೆ ಕಾಮಾಕ್ಷಿ, ನಡುವೆ ಡಬ್ಬಿಯನ್ನು ಇಕ್ಕಳದಲ್ಲಿ ಮೊಳದುದ್ದ ದೂರ ಹಿಡಿದ ಉದಯಶಂಕರ್, ಹಿಂದೆ ಬರಿಗಾಲಿನ ಕಿರಣ. ಗಂಟೆ ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು.

ಬಸವ್ವ ಡಬ್ಬಿಯೊಳಗೆ ಇಣುಕಿ ನೋಡಿದಳು. ಅವಳ ಗಂಡ ಸಿದ್ರಾಮಪ್ಪ ಸೋಫಾದಲ್ಲಿ ಕೂತಿದ್ದ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಅನ್ನುವ ಮನುಷ್ಯ, ಅವನೂ ಕನ್ನಡಕ ಏರಿಸಿಕೊಂಡು ಎದ್ದು ಬಂದ.

"ಏನಲೇ ಇದು?" ಅಂದಳು ಬಸವ್ವ. ಧ್ವನಿ ಸಣ್ಣದಾಗಿತ್ತು. ಅದು ದೊಡ್ಡದಾಗಿದ್ದರೆ ಕಿರಣನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಗ್ಯಾರೇಜು, ಬಯಾಲಜಿ, ಸುಳ್ಳು ಪ್ರಮೋಷನ್ನು, ನಾಲ್ಕು ಗಂಟೆ, ಸೋಮವಾರ. ಕಡೆಗೆ, "ನನಗ ಚರಂಡಿ ಸಾಕಾಗೇತಬೇ. ಡಾಕ್ಟರ್ ಆಗಬೇಕಂತ ಭಾಳ ಆಸೆ ಐತಿ," ಅಂದವನ ಕಣ್ಣಲ್ಲಿ ನೀರೇ ಬಂತು.

"ಹಂಗಾರ ಇದು ತಿನ್ನಾಕಲ್ಲ?"

"ಅಲ್ಲಬೇ. ಓದಾಕ."

ಬಸವ್ವ ಒಳಗೆ ಹೋದಳು. ಪೆಟ್ಟಿಗೆ ಕಟ್ಟಲು ಹೋದಳೆಂದು ಎಲ್ಲರೂ ತಿಳಿದರು. ಆದರೆ ಆಕೆ ಬಂದದ್ದು ವಿಭೂತಿ ಹಿಡಿದು. ಮಗನ ಹಣೆಗೆ ಮೂರು ಬೆರಳು ಎಳೆದಳು. ಆಮೇಲೆ ಡಬ್ಬಿಯ ಮುಚ್ಚಳಕ್ಕೂ ಎಳೆದು ಕೈ ಮುಗಿದಳು. "ತಪ್ಪು ತಿಳೀಬ್ಯಾಡ ನಮ್ಮವ್ವ. ಹುಡುಗ ನಾಕು ಮಂದೀನ ಬದುಕಸ್ತಾನ," ಅಂತ ಕುರಿಗೆ ಹೇಳಿ, ಮಗನ ಕಡೆ ತಿರುಗಿ, "ನಿಂತೇನ್ ನೋಡ್ತಿ? ಹೊತ್ತಾತು, ನಡಿ!" ಅಂದಳು.

ಕಿರಣನೊಬ್ಬನೇ ಹೋಗಬೇಕಿದ್ದ ಗ್ಯಾರೇಜಿಗೆ ಇಡೀ ಸಂಸಾರವೇ ಹೋಯಿತು. ಉದಯಶಂಕರ್ ಮಡಚುವ ಕುರ್ಚಿ ಹಾಕಿಕೊಂಡರು. ಕಾಮಾಕ್ಷಿ, ಇದನ್ನೆಲ್ಲ ತಾನು ನೋಡಲಾರೆ ಅನ್ನುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತರು. "ಯಾರೂ ಪಿಟ್ ಅನ್ನಬ್ಯಾಡ್ರಿ," ಅಂತ ವಚನಾ ಬೆರಳು ತುಟಿಗಿಟ್ಟಳು.

ಸರಿಯಾಗಿ ನಾಲ್ಕಕ್ಕೆ ಲ್ಯಾಪ್‌ಟಾಪಿನಲ್ಲಿ ಟ್ಯೂಟರ್ ಹೀದರ್ ಕಾಣಿಸಿಕೊಂಡಳು. ನರೆಗೂದಲಿನ, ನಗುಮುಖದ ಹೆಂಗಸು. ಕಿರಣನ ಮುಖ, ಗುರುತಿನ ಚೀಟಿ ನೋಡಿ, ಕ್ಯಾಮೆರಾವನ್ನು ತಟ್ಟೆಯ ಕಡೆ ಬಗ್ಗಿಸಲು ಹೇಳಿದಳು. ಇನ್ನು ಅವಳಿಗೆ ಕಾಣುವುದು ತಟ್ಟೆ ಮತ್ತು ಎರಡು ಕೈ, ಅಷ್ಟೆ.

ಕಿರಣ ಕೈಗವಸು ಹಾಕಿ ಕತ್ತಿ ಎತ್ತಿದ. ಮೊದಲ ಗೀರು ಎಳೆದ. ದೊಣ್ಣಮೆಣಸಿನಕಾಯಿಯಲ್ಲಿ ಎಂದೂ ಬಾರದ ಹೆಪ್ಪುಗಟ್ಟಿದ ರಕ್ತದ ಕಪ್ಪುಗೆಂಪು ಗರಣೆಯೊಂದು ಜಾರಿ ಬಂದು ಅವನ ಹೆಬ್ಬೆರಳ ಮೇಲೆ ಕೂತಿತು.

"ಇದು ರೈಟ್..." ಅಂದ. ಮುಂದಿನ ಶಬ್ದ ಬರುವ ಮೊದಲೇ ಎಚ್ಚರ ತಪ್ಪಿ ಮೇಜಿನ ಕೆಳಗೆ ಬಿದ್ದಿದ್ದ.

ವಚನಾ ಮೈಕು ಬಂದ್ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಗಂಡನ ತಲೆ ಎತ್ತಿಕೊಂಡಳು. ಸ್ಪೀಕರಿನಿಂದ "ಸ್ವಲ್ಪ ವಿರಾಮ ಬೇಕೇ?" ಅಂತ ಹೀದರ್ ಕೇಳಿದ್ದು ಇಂಗ್ಲಿಷಿನಲ್ಲಿ. ತಟ್ಟೆಯ ಮೇಲೆ ಈಗ ಕೈಗಳೇ ಇರಲಿಲ್ಲ. ಒಂದು ವರ್ಷದ ಓದು ಆ ತಟ್ಟೆಯಲ್ಲಿ ಅರ್ಧಕ್ಕೆ ಕೊಯ್ದು ಬಿದ್ದಿತ್ತು.

ಬಸವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಡಬ್ಬದಿಂದ ಎರಡು ಕೈಗವಸು ಎಳೆದು ಹಾಕಿಕೊಂಡು ಕತ್ತಿ ತೆಗೆದುಕೊಂಡಳು. ಮುಂದಿನ ಇಪ್ಪತ್ತು ನಿಮಿಷ ಗ್ಯಾರೇಜಿನಲ್ಲಿ ನಡೆದದ್ದನ್ನು ಕಾಮಾಕ್ಷಿ ಇವತ್ತಿಗೂ ಸಿಕ್ಕಸಿಕ್ಕವರಿಗೆ ಹೇಳುತ್ತಾರೆ. ಎಣ್ಣೆಗಾಯಿಗೆ ಬದನೆಕಾಯಿ ಸೀಳುವಷ್ಟು ಸಲೀಸಾಗಿ ಬಸವ್ವ ಹೃದಯವನ್ನು ತುದಿಯಿಂದ ಮೇಲಕ್ಕೆ ಸೀಳಿದಳು. ಹೀದರಳ ಮಾತನ್ನು ಅನುವಾದಿಸಲು ವಚನಾ ಅತ್ತೆಯ ಕಿವಿಯ ಹತ್ತಿರ ಬಗ್ಗಿದರೆ, "ತಿಳೀತೈತಿ ಬಿಡವಾ, ಆರ್ಟರಿಗೆ ಯಾವ ಊರಾಗ ಹೋದ್ರೂ ಆರ್ಟರೀನ ಅಂತಾರ," ಅಂದು, ಒಂದೊಂದೇ ಭಾಗವನ್ನು ಚಿಮಟಿಗೆಯ ತುದಿಯಿಂದ ಎತ್ತಿ ತೋರಿಸಿದಳು. "ಇದು ಟ್ರೈಕಸ್ಪಿಡ್ ವಾಲ್ವ್. ಇದು ಲೆಫ್ಟ್ ವೆಂಟ್ರಿಕಲ್. ಇದರ ಗ್ವಾಡಿ ದಪ್ಪ ನೋಡು, ಮೈತುಂಬ ರಕ್ತ ದೂಡೂದು ಇದ."

ವಚನಾ ಬೆರಗಾಗಿ ಮಾವನ ಮುಖ ನೋಡಿದಳು. ಸಿದ್ರಾಮಪ್ಪ ಅವತ್ತಿನ ಪಾಲಿನ ಮಾತೆಲ್ಲ ಒಟ್ಟಿಗೆ ಆಡಿದ. "ಗದಗಿನ್ಯಾಗ ಪಿಯುಸಿ ಸಾಯನ್ಸ್ ಒಂದ್ ವರ್ಷ ಓದ್ಯಾಳ. ಕ್ಲಾಸಿಗೇ ಮೊದಲಿದ್ಲು. ಎರಡನೇ ವರ್ಷ ಕಪ್ಪಿ ಕೊಯ್ಯೂದೈತಿ ಅಂತ ಗೊತ್ತಾತು. ಲಿಂಗವಂತರ ಹುಡುಗಿ ಕಪ್ಪಿ ಕೊಯ್ತಾಳೇನು ಅಂತ ನಮ್ಮ ಮಾವ ಕಾಲೇಜು ಬಿಡಿಸಿ ನನಗ ಕೊಟ್ಟ."

"ನಲವತ್ನಾಕು ವರ್ಷಾತು," ಅಂದಳು ಬಸವ್ವ, ತಲೆ ಎತ್ತದೆ. ಅವಳ ಮುಖದಲ್ಲಿದ್ದ ಸಂತೋಷವನ್ನು ಮದುವೆ ಮನೆಯಲ್ಲೂ ಯಾರೂ ಕಂಡಿರಲಿಲ್ಲ.

ಕಿರಣನಿಗೆ ಎಚ್ಚರವಾದಾಗ ಸ್ಪೀಕರಿನಿಂದ ಹೀದರ್ ಹೇಳುತ್ತಿದ್ದಳು: ಹತ್ತೊಂಬತ್ತು ವರ್ಷದಲ್ಲಿ ಇಂಥ ಅಚ್ಚುಕಟ್ಟಾದ ಕೈ ನೋಡಿಲ್ಲ, ಪೂರ್ತಿ ಅಂಕ! ಕಿರಣ ಎದ್ದವನೇ ಉದಯಶಂಕರರನ್ನು ತಬ್ಬಿಕೊಂಡ. ಕಾಮಾಕ್ಷಿ ಮಡಿ ಮರೆತು ಬಸವ್ವನ ಭುಜ ಅಲ್ಲಾಡಿಸಿದರು. ಸೋಮವಾರ, ಅರ್ಜಿ, ಬಿಳಿ ಕೋಟು ಎಲ್ಲವೂ ಕಿರಣನ ಕಣ್ಣ ಮುಂದೆ ಬಂದು ನಿಂತವು.

"ಒಂದೇ ಒಂದು ಪ್ರಶ್ನೆ," ಅಂದಳು ಹೀದರ್. "ಈ ಅಂಕವನ್ನು ಯಾರ ಹೆಸರಿಗೆ ಬರೆಯಲಿ? ಶುರು ಮಾಡಿದಾಗ ಈ ಕೈಗಳಲ್ಲಿ ಡಜನ್ ಹಸಿರು ಬಳೆ ಇರಲಿಲ್ಲ."

ಬಸವ್ವ ಸೆರಗು ಎಳೆದು ಮಣಿಕಟ್ಟು ಮುಚ್ಚಿಕೊಂಡಳು. ಪ್ರಯೋಜನವಾಗಲಿಲ್ಲ. ಹೀದರ್ ಒಳ್ಳೆಯವಳು, ಆದರೆ ನಿಯಮ ನಿಯಮವೇ. ಬಸವಕಿರಣನ ಪ್ರಾಕ್ಟಿಕಲ್ ಅಪೂರ್ಣ. ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಕೂರಬೇಕು. ಮೆಡಿಕಲ್ ಅರ್ಜಿ ಇನ್ನು ಬರುವ ವರ್ಷಕ್ಕೆ. ಕಿರಣ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಸಿದು ಕೂತ.

ಹೀದರಳ ಮಾತು ಇನ್ನೂ ಮುಗಿದಿರಲಿಲ್ಲ. ವಚನಾ ಮೈಕು ಮತ್ತೆ ಹಾಕಿ ಕೇಳಿಸಿಕೊಂಡಳು, ನಕ್ಕಳು, ಮತ್ತೆ ಕೇಳಿಸಿಕೊಂಡಳು.

"ಏನಂತಾಳವಾ?"

"ಅತ್ತಿ, ಮುಂದಿನ ಬ್ಯಾಚಿಗೆ ನೀವು ಸೇರ್ತೀರೇನು ಅಂತ ಕೇಳಾಕತ್ತಾಳ."

"ನನಗ ಅರವತ್ತೊಂದು ಅಂತ ಹೇಳು."

"ಹೇಳಿದೆ ಅತ್ತಿ. ವಯಸ್ಸಿನ ಅಡ್ಡಿ ಇಲ್ಲಂತ. ಇವರೂ ಅದೇ ಬ್ಯಾಚಿನ್ಯಾಗ ಇರ್ತಾರ."

ಬಸವ್ವ ಕೈಗವಸು ನಿಧಾನವಾಗಿ ಬಿಚ್ಚಿದಳು. ಒಮ್ಮೆ ಗಂಡನ ಕಡೆ ನೋಡಿದಳು. ಸಿದ್ರಾಮಪ್ಪ ತನ್ನ ಪಾಲಿನ ಮಾತು ಮುಗಿದಿದ್ದರಿಂದ ಬರೀ ತಲೆ ಆಡಿಸಿದ.

"ಫಾರ್ಮ್ ತುಂಬವಾ," ಅಂದಳು ಸೊಸೆಗೆ. ಆಮೇಲೆ ಮೇಜಿನ ಮೇಲಿದ್ದ ಪುಸ್ತಕಗಳನ್ನು ತನ್ನ ಕಡೆ ಎಳೆದುಕೊಂಡು, ಕುರ್ಚಿಯಲ್ಲಿ ಸರಿಯಾಗಿ ಕೂತು, ಮಗನಿಗೆ ಹೇಳಿದಳು: "ನಿನ್ನ ಥಿಯರಿ ನೋಟ್ಸ್ ಇಲ್ಲೇ ಇಡು. ಇನ್ನ ಮ್ಯಾಲ ಗ್ಯಾರೇಜು ನನಗ ಬೇಕು, ನೀ ಅಡಿಗಿ ಮನ್ಯಾಗ ಓದಕೋ. ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ, ಓದಕೋಂತ ಅದನ್ನೂ ಒಂದೀಟು ನೋಡು."