ಮುಕ್ತ ತಂತ್ರಾಂಶದಲ್ಲಿ ಅಚ್ಚಾದ ಮೊದಲ ಲಗ್ನಪತ್ರಿಕೆ

ಒಳ್ಳೆಯ ವಸ್ತುವೊಂದನ್ನು ಪುಕ್ಕಟೆಯಾಗಿ ಕೊಡುತ್ತೇನೆಂದು ಹೊರಟವನನ್ನು ಜನ ಎಷ್ಟು ಅನುಮಾನದಿಂದ ನೋಡುತ್ತಾರೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಚಂದಾ ಕೇಳಲು ಬಂದವನನ್ನಾದರೂ ಒಳಗೆ ಕರೆದು ಕೂರಿಸುತ್ತಾರೆ. ಏನೂ ಕೇಳದವನನ್ನು ಕಂಡರೆ ಗೇಟಿನ ಚಿಲಕ ಭದ್ರವಾಗಿದೆಯೇ ಎಂದು ನೋಡಿಕೊಳ್ಳುತ್ತಾರೆ. ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ಬಿಡುವಿನ ವೇಳೆಯಲ್ಲಿ ಮುಕ್ತ ತಂತ್ರಾಂಶದ ಪ್ರಚಾರಕ. ಅಂದರೆ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ, ಒಳಗೇನಿದೆ ಎಂದು ಬಿಚ್ಚಿ ನೋಡಿ ತಿದ್ದಬಹುದಾದ ಸಾಫ್ಟ್‌ವೇರುಗಳನ್ನೇ ಬಳಸಿ ಎಂದು ಕಂಡಕಂಡವರ ತಲೆ ತಿನ್ನುವ ಚಟ ನನ್ನದು. ಇಸ್ಪೀಟಿನ ಚಟವಿದ್ದರೆ ಮನೆಯವರಾದರೂ ಬೈದು ಬಿಡಿಸುತ್ತಿದ್ದರು. ಇದು ಸಮಾಜಸೇವೆ ಎಂದು ಹೇಳಿಕೊಂಡು ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ. ಹೋದ ತಿಂಗಳು ಹಗರೆ ಎಂಬ ಊರಿನ ಒಂದು ಜಗಲಿಯ ಮೇಲೆ ಏನಾಗಿಬಿಡಬಹುದಿತ್ತು ಎನ್ನುವುದನ್ನು ನೆನೆದರೆ ಈಗಲೂ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ ಅರ್ಧಕ್ಕೆ ನಿಂತುಬಿಡುತ್ತೇನೆ. ನಾನು ಏನೋ ಗಹನವಾದ ಗಣಿತ ಯೋಚಿಸುತ್ತಿದ್ದೇನೆಂದುಕೊಂಡು ವಿದ್ಯಾರ್ಥಿಗಳು ಗೌರವದಿಂದ ಸುಮ್ಮನಿರುತ್ತಾರೆ. ನಾನು ಯೋಚಿಸುತ್ತಿರುವುದು ಅರಿಶಿನದ ಬಟ್ಟಲನ್ನು.

ನಮ್ಮಂಥ ದೇಶದಲ್ಲಿ ಈ ಪ್ರಚಾರ ಸುಲಭವಿರಬೇಕೆಂದು ನಾನೂ ಅಂದುಕೊಂಡಿದ್ದೆ. ದುಡ್ಡಿಲ್ಲದ ಶಾಲೆ, ದುಡ್ಡಿಲ್ಲದ ಕಚೇರಿ, ಹಳೆಯ ಕಂಪ್ಯೂಟರು. ಇಲ್ಲಲ್ಲದೆ ಇನ್ನೆಲ್ಲಿ ನಡೆಯಬೇಕು? ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ನಿಧಾನವಾಗಿ ಕೇಳಿ, "ಈಗ ಇರೋದೂ ಪುಕ್ಕಟೆನೇ ಅಲ್ವಾ ಸಾರ್? ನಮ್ ಹುಡ್ಗ ಎಲ್ಲಿಂದ್ಲೋ ತಂದು ಹಾಕವ್ನೆ" ಎಂದರು. ಅದು ಕಳ್ಳಪ್ರತಿ, ಇದು ಹಕ್ಕಿನದು ಎಂದೆ. ಅವರಿಗೆ ಅರ್ಥವಾಗಲೆಂದು, "ಹೋಟೆಲಿನವನು ಸಾಂಬಾರ್ ಕೊಡ್ತಾನೆ, ಪುಡಿ ಹೇಗೆ ಮಾಡ್ತಾನೆ ಅಂತ ಹೇಳಲ್ಲ. ನಾವು ಪುಡಿ ಮಾಡೋದನ್ನೂ ಹೇಳಿಕೊಡ್ತೀವಿ" ಎಂದೆ. "ಪುಡಿ ಮಾಡೋ ಹಂಗಿದ್ರೆ ಹೋಟ್ಲಿಗ್ಯಾಕ್ ಹೋಗ್ತಿದ್ವಿ ಸಾರ್?" ಎಂದು ಅವರು ಕ್ಯಾಲ್ಕ್ಯುಲೇಟರ್ ಎಳೆದುಕೊಂಡರು. ಹಳೇಬೀಡಿನ ಬಸದಿಯ ಹತ್ತಿರ ಅಂಗಡಿ ಇಟ್ಟಿರುವ ಜೈನ ವ್ಯಾಪಾರಿಯೊಬ್ಬರು ಇನ್ನೂ ಸಭ್ಯರು. ಕಾಫಿ ತರಿಸಿದರು, ಪೂರ್ತಿ ಕೇಳಿದರು, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಇದು ಕೆಟ್ರೆ ಯಾರನ್ನ ಬಯ್ಯೋದು ಮೇಷ್ಟ್ರೇ?" ಎಲ್ಲರೂ ಸೇರಿ ಮಾಡಿದ್ದು, ಯಾರನ್ನೂ ಬಯ್ಯುವಂತಿಲ್ಲ ಎಂದೆ. ಬಯ್ಯಲು ಯಾರೂ ಇಲ್ಲದ ಸಾಮಾನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬಂತೆ ಅವರು ನನ್ನನ್ನೇ ನೋಡಿದರು. ಒಟ್ಟಿನಲ್ಲಿ ನನ್ನ ಮಾತು ಕೇಳಿ ಏನನ್ನಾದರೂ ಬದಲಾಯಿಸಿಕೊಂಡವರು ಈ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಈ ವಿಷಯವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಹೀಗಿರುವಾಗ ಬೇಲೂರಿನಿಂದ ಭಾವ ಫೋನ್ ಮಾಡಿದರು. ಭಾವ ಎಂದರೆ ನನ್ನ ಅಕ್ಕನ ಗಂಡ ರುದ್ರಣ್ಣ. ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಜೆರಾಕ್ಸ್ ಮತ್ತು ಕಾರ್ಡ್ ಪ್ರಿಂಟಿಂಗ್ ಅಂಗಡಿ. ಸುತ್ತಲ ಊರುಗಳಲ್ಲಿ ಯಾರೇ ಮದುವೆಯಾಗಲಿ, ಮನೆ ಕಟ್ಟಲಿ, ತೀರಿಕೊಳ್ಳಲಿ, ಭಾವನ ಮೂಲಕವೇ ಆಗಬೇಕು. ಅವರ ಕಂಪ್ಯೂಟರಿನಲ್ಲಿದ್ದ ಕಳ್ಳಪ್ರತಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೆರೆಯದೆ ಮುಷ್ಕರ ಹೂಡಿತ್ತು. ಅದೂ ಯಾವಾಗ? ಅವರ ಮಗಳು ಸಹನಾಳ ಮದುವೆ ಗೊತ್ತಾಗಿ, ಮನೆಯ ಲಗ್ನಪತ್ರಿಕೆ ಮಾಡುವ ಹೊತ್ತಿಗೆ. "ಲೋ ಪರಮೇಶ, ಆ ನಿನ್ ಪುಕ್ಕಟೇದು ತಗಂಡ್ ಬಾರ್ಲಾ. ಬೇರೆ ದಾರಿ ಇಲ್ಲ" ಎಂದರು. ಬೇರೆ ದಾರಿ ಇಲ್ಲ ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಜಾವಗಲ್ ಬಸ್ಸು ಹಿಡಿದು ಬೇಲೂರು ಮುಟ್ಟುವವರೆಗೂ ಕಿಟಕಿಯ ಪಕ್ಕ ಕೂತು ಒಬ್ಬನೇ ನಗುತ್ತಿದ್ದೆನಂತೆ, ಅದೇ ಬಸ್ಸಿನಲ್ಲಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಮಾರನೆಯ ದಿನ ಸ್ಟಾಫ್ ರೂಮಿಗೆ ಬಂದು, "ಹುಷಾರಾಗಿದೀರಾ ಸಾರ್?" ಎಂದು ವಿಚಾರಿಸಿದಳು.

ಭಾವನ ಕೆಲಸದ ಕ್ರಮವನ್ನು ಇಲ್ಲಿ ಹೇಳಲೇಬೇಕು. ಅವರು ಯಾವ ಕಾರ್ಡನ್ನೂ ಹೊಸದಾಗಿ ಮಾಡುವುದಿಲ್ಲ. ಹಿಂದಿನ ಗಿರಾಕಿಯ ಕಾರ್ಡನ್ನು ತೆರೆಯುತ್ತಾರೆ. ಅದರಲ್ಲಿರುವ ಹೆಸರನ್ನು ಅಳಿಸುವುದೂ ಇಲ್ಲ. ಹೆಸರಿನ ಮೇಲೆ ಒಂದು ಬಿಳಿ ಚೌಕ ಇಟ್ಟು ಮುಚ್ಚಿ, ಅದರ ಮೇಲೆ ಹೊಸ ಹೆಸರು ಟೈಪ್ ಮಾಡುತ್ತಾರೆ. ಮುಂದಿನ ಗಿರಾಕಿ ಬಂದಾಗ ಅದರ ಮೇಲೆ ಇನ್ನೊಂದು ಬಿಳಿ ಚೌಕ. ಗೋಡೆಗೆ ವರ್ಷವರ್ಷ ಸುಣ್ಣ ಬಳಿದಂತೆ. "ಅಳಿಸಿಬಿಟ್ರೆ ಆಗಲ್ವಾ ಭಾವ?" ಎಂದರೆ, "ಅಳ್ಸಿದ್ರೆ ಸಾಲು ಎಲ್ಲೆಲ್ಲೋ ಓಡೋಗ್ತವೆ ಕಣ್ಲಾ. ಮುಚ್ಚಿದ್ರೆ ಮರ್ಯಾದೆಯಾಗಿ ಕುಂತಿರ್ತವೆ" ಎನ್ನುತ್ತಾರೆ. ನಾನು ಹೊಸ ಸಾಫ್ಟ್‌ವೇರ್ ಹಾಕಿ ಅವರ ಹಳೆಯ ಕಡತವೊಂದನ್ನು ತೆರೆದೆ. ಹೊಸದಕ್ಕೆ ಆ ಬಿಳಿ ಚೌಕಗಳ ಬಿಳಿ ಬಣ್ಣ ಮಾತ್ರ ತಿಳಿಯಲಿಲ್ಲ. ಚೌಕಗಳೆಲ್ಲ ಗಾಜಿನಂತಾಗಿ, ಇಷ್ಟು ವರ್ಷ ಅಡಗಿ ಕೂತಿದ್ದ ಸಮಸ್ತ ವಧೂವರರೂ ಪರದೆಯ ಮೇಲೆ ಒಬ್ಬರ ಮೇಲೊಬ್ಬರು ಎದ್ದು ನಿಂತರು. ಅವರ ನಡುವೆ ತೀರಿಕೊಂಡ ಯಾರದೋ ಶಿವಗಣಾರಾಧನೆ, ಇನ್ಯಾರದೋ ಗೃಹಪ್ರವೇಶ. ಭಾವ ಎದೆ ಹಿಡಿದುಕೊಂಡರು. ನನಗೋ ಆನಂದ. "ನೋಡಿದ್ರಾ ಭಾವ? ಒಳಗಿರೋದೆಲ್ಲ ಹೊರಗೆ ಕಾಣ್ತಿದೆ. ಇಷ್ಟು ದಿನ ಇದು ನಿಮ್ಮಿಂದ ಮುಚ್ಚಿಟ್ಟಿತ್ತು. ಪಾರದರ್ಶಕತೆ ಅಂದ್ರೆ ಇದೇ" ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. "ಮುಚ್ಚಿಟ್ಟಿದ್ದು ಅದಲ್ಲ ಕಣ್ಲಾ, ನಾನು" ಎಂದು ಭಾವ ಗೊಣಗಿದರು.

ಇಬ್ಬರೂ ಕೂತು, ಒಂದರ ಮೇಲೊಂದು ಬಿದ್ದು ಕಲಸಿಹೋದ ಅಕ್ಷರಗಳನ್ನೆಲ್ಲ ಹೆಕ್ಕಿ ಹೆಕ್ಕಿ ಅಳಿಸಿದೆವು. ಸಹನಾಳ ಕಾರ್ಡು ಸಿದ್ಧವಾಯಿತು. ಮನೆಯವರೆಲ್ಲ ನೋಡಿದರು. ಲಗ್ನಪತ್ರಿಕೆಯನ್ನು ಎಲ್ಲರೂ ನೋಡುವುದೆಂದರೆ ಎಲ್ಲರೂ ತಮ್ಮ ತಮ್ಮ ಹೆಸರನ್ನು ನೋಡುವುದು. ಅಕ್ಕ ತನ್ನ ತವರಿನವರ ಹೆಸರು ನೋಡಿದಳು, ಭಾವ ಮಠದ ಸ್ವಾಮಿಗಳ ಹೆಸರು ನೋಡಿದರು, ನಾನು 'ಸೋದರಮಾವ' ಎಂಬಲ್ಲಿ ನನ್ನ ಹೆಸರು ನೋಡಿ, ಅಕ್ಷರ ಎಷ್ಟು ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡೆ. ಒಳ್ಳೆಯ ದಿನ ತಪ್ಪಬಾರದೆಂದು ಅಂಗಡಿಯ ಪ್ರಿಂಟರಿನಲ್ಲೇ ಎರಡು ಕಾರ್ಡು ತೆಗೆದು, ಒಂದನ್ನು ಮನೆದೇವರ ಮುಂದಿಟ್ಟರು. ಇನ್ನೊಂದು ಹಗರೆಗೆ, ವರನ ತಾತ ಮರುಳಸಿದ್ದಪ್ಪನವರಿಗೆ. ಬೀಗರ ಮನೆಯ ಹಿರಿಯರ ಕೈಗೆ ಮೊದಲ ಪತ್ರಿಕೆ ಕೊಡುವುದು ನಮ್ಮಲ್ಲಿ ಪದ್ಧತಿ. ಸೋದರಮಾವ ಜೊತೆಗಿರಬೇಕು.

ಈ ತಾತ ಸಾಮಾನ್ಯರಲ್ಲ. ಎಂದೋ ಒಂದು ನೆಂಟರ ಮದುವೆಯ ಕಾರ್ಡಿನಲ್ಲಿ ತಮ್ಮ ಹೆಸರು ತಮ್ಮನ ಹೆಸರಿನ ಕೆಳಗೆ ಬಂದಿತ್ತೆಂದು ಊಟದ ಎಲೆ ಬಿಟ್ಟು ಎದ್ದು ಬಂದವರು, ಇಂದಿಗೂ ಆ ಮನೆಯ ಹೊಸಿಲು ತುಳಿದಿಲ್ಲ. ನಿಶ್ಚಿತಾರ್ಥದ ದಿನ ಯಾರೋ ಅವರನ್ನು ಕೇಳದೆ ಮುಹೂರ್ತದ ಮಾತೆತ್ತಿದಾಗ, "ನಾನಿನ್ನೂ ಬದ್ಕಿವ್ನಿ ಕಣ್ರಪ್ಪಾ" ಎಂದು ಇಡೀ ಸಭೆಯನ್ನು ತಣ್ಣಗಾಗಿಸಿದ್ದರು. ಹುಡುಗ ಒಳ್ಳೆಯವನು, ಸಹನಾ ಮನಸಾರೆ ಒಪ್ಪಿದ್ದಳು. ಆದರೆ ಆ ಮನೆಯಲ್ಲಿ ತಾತ ಹೂಂ ಅಂದರೆ ಮಾತ್ರ ಹೂಂ. ನಾವು ಹೊರಟಾಗ ಸಹನಾ ಹಣ್ಣಿನ ಚೀಲ ಕೈಗಿಟ್ಟು, "ಮಾವ, ಅಲ್ಲಿ ಸಾಫ್ಟ್‌ವೇರು ಗೀಫ್ಟ್‌ವೇರು ಅಂತ ಶುರು ಮಾಡ್ಬೇಡಿ, ನಿಮ್ ದಮ್ಮಯ್ಯ" ಎಂದಳು. ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಮಾತಿಗೆ ತಪ್ಪಲೂ ಇಲ್ಲ.

ಹಗರೆಯಲ್ಲಿ ತಾತ ಜಗಲಿಯ ಮೇಲೆ ಕೂತು ಡೈರಿಯಿಂದ ಬಂದ ಹಾಲಿನ ಕ್ಯಾನು ತೊಳೆದದ್ದು ಸರಿಯಿಲ್ಲವೆಂದು ಯಾರನ್ನೋ ಗದರುತ್ತಿದ್ದರು. ಬಂದವರು ಯಾರೆಂದು ಕಣ್ಣು ಕಿರಿದು ಮಾಡಿ ನೋಡಿದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಎಂದರೆ ಬೇಡವೆನ್ನುತ್ತಾರೆ ಎಂದು ಅವರ ಸೊಸೆ ಹೇಳಿದರು. ಸಾಫ್ಟ್‌ವೇರಿನ ಬಗ್ಗೆ ಬಾಯಿ ಕಟ್ಟಿಹಾಕಿಕೊಂಡು ಬಂದ ಪ್ರಚಾರಕನಿಗೆ ಇಷ್ಟು ಸಾಕಾಯಿತು. "ಈಗೆಲ್ಲ ಬಹಳ ಸುಲಭ ತಾತ. ಹಳೇದು ತೆಗೆದು ಹೊಸದು ಹಾಕ್ತಾರೆ, ಅಷ್ಟೇ. ನಾಲ್ಕು ದಿನಕ್ಕೆ ನೀವೇ ಪೇಪರ್ ಓದ್ತೀರಿ. ಹಳೇದಕ್ಕೇ ಅಂಟ್ಕೊಂಡು ಕೂತ್ರೆ ನಷ್ಟ ನಿಮಗೇ" ಎಂದು ನನ್ನ ಮಾಮೂಲಿ ಭಾಷಣವನ್ನೇ ಕಣ್ಣಿಗೆ ಹೊಂದಿಸಿ ಹೇಳಿದೆ. ತಾತ, "ನೋಡಾನ ನೋಡಾನ" ಎಂದರು. ಭಾವ ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ, ಕಾರ್ಡು ಇಟ್ಟು ಕೊಟ್ಟು ಕಾಲಿಗೆ ನಮಸ್ಕರಿಸಿದರು. ತಾತ ಕಾರ್ಡನ್ನು ನೇವರಿಸಿ ನನ್ನತ್ತ ಚಾಚಿದರು. "ನಂಗ್ ಕಾಣಾಕಿಲ್ಲ. ಮೇಷ್ಟ್ರು ಬಂದವ್ರೆ, ಗಟ್ಟಿಯಾಗ್ ಓದ್ಲಿ. ಮನೇರೆಲ್ಲ ಕೇಳ್ಕಳ್ಳಿ."

ನಾನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ದೇವರಾಯಿತು, ಸ್ವಾಮಿಗಳಾಯಿತು, ಸಹನಾ ಆದಳು. ವರನ ಸಾಲಿಗೆ ಬಂದೆ. ಅಲ್ಲಿ, ಒಂದು ಅಕ್ಷರವೂ ಆಚೀಚೆ ಆಗದೆ, ಸಾಲಿಗೆ ಸರಿಯಾಗಿ, ಬಹಳ ಮರ್ಯಾದೆಯಿಂದ ಕೂತಿತ್ತು: 'ಲಿಂಗೈಕ್ಯ ಶ್ರೀ ಮರುಳಸಿದ್ದಪ್ಪನವರ ಮೊಮ್ಮಗ'. ಹಿಂದಿನ ಯಾವುದೋ ಕಾರ್ಡಿನಲ್ಲಿ ತೀರಿಕೊಂಡ ಯಾರದೋ ತಾತನ ಹೆಸರಿನ ಮುಂದಿದ್ದ ಪದ. ಭಾವ ಅದನ್ನು ಬಿಳಿ ಚೌಕದಿಂದ ಮುಚ್ಚಿದ್ದರು, ನಾನು ಆ ಚೌಕವನ್ನು ಗಾಜು ಮಾಡಿದ್ದೆ. ಕಲಸಿಹೋದದ್ದನ್ನೆಲ್ಲ ಹುಡುಕಿ ಅಳಿಸಿದ ನಮಗೆ, ಕಲಸದೆ ನೀಟಾಗಿ ನಿಂತಿದ್ದು ಮಾತ್ರ ಕಂಡಿರಲಿಲ್ಲ. ನನ್ನ ಎದುರಿಗೆ ಲಿಂಗೈಕ್ಯ ಶ್ರೀ ಮರುಳಸಿದ್ದಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ, "ಯಾಕ್ ನಿಲ್ಸಿದ್ರಿ?" ಎಂದರು.

ಕೆಮ್ಮಿದೆ. ನೀರು ಕೇಳಿದೆ. ಆ ಒಂದು ಪದವನ್ನು ಹಾರಿ ಮುಂದಕ್ಕೆ ಓದಿದೆ. ದನಿ ಎಷ್ಟು ನಡುಗುತ್ತಿತ್ತೆಂದರೆ, ಹುಡುಗಿಯನ್ನು ಕಳಿಸಿಕೊಡುವ ಸೋದರಮಾವನ ಸಂಕಟ ಎಂದು ತಿಳಿದು ತಾತನಿಗೂ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಸೊಸೆ ಅರಿಶಿನ ಕುಂಕುಮದ ಬಟ್ಟಲು ತಂದಿಟ್ಟು, "ಕೊಡಿ ಸಾರ್, ನಾನೂ ಒಂದ್ಸಲ ನೋಡ್ತೀನಿ" ಎಂದು ಕೈ ನೀಡಿದರು. ಆಕೆಯ ಕಣ್ಣಿಗೆ ಪೊರೆ ಇರಲಿಲ್ಲ. ಆ ಕೈ ಕಾರ್ಡಿನ ಹತ್ತಿರ ಬರುತ್ತಿರುವುದು ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. ನಾನು ಒದ್ದೆ ಅರಿಶಿನವನ್ನು ಬೆರಳ ತುಂಬ ತೆಗೆದು ಆ ಪದದ ಮೇಲೆ ಬಳಿದುಬಿಟ್ಟೆ.

"ಇದೇನ್ ಸಾರ್, ಅರಿಶಿನ ಮೂಲೆಗೆ ಅಲ್ವಾ ಹಚ್ಚೋದು?" ಎಂದರು ಸೊಸೆ.

"ನಮ್ಮ ಕಡೆ ಸೋದರಮಾವ ಹಿರಿಯರ ಹೆಸರಿಗೂ ಹಚ್ಚೋದು ರೂಢಿ" ಎಂದೆ.

"ಯಾವ್ ಕಡೇಲೋ ಅದು?" ಎಂದರು ಭಾವ, ಪ್ರಾಮಾಣಿಕವಾದ ಆಶ್ಚರ್ಯದಿಂದ. "ನಮ್ ಮದ್ವೇಲಿ ನಿಮ್ ಸೋದರಮಾವ ಹಚ್ಚೇ ಇರ್ಲಿಲ್ವಲ್ಲ?"

ಭಾವನ ಕಾಲು ನನ್ನ ಕಾಲಿಗೆ ಎಟುಕುವಷ್ಟು ಹತ್ತಿರದಲ್ಲಿರಲಿಲ್ಲ. "ಮರೆತಿರ್ಬೇಕು ಭಾವ, ನೆನಪು ಮಾಡ್ಕೊಳ್ಳಿ" ಎಂದು ಅವರನ್ನು ಸುಡುವಂತೆ ನೋಡಿದೆ. ತಾತ ಮಾತ್ರ ಅರಳಿಹೋಗಿದ್ದರು. "ಹಿರೀಕ್ರಿಗೆ ಬೆಲೆ ಕೊಡೋದು ಅಂದ್ರೆ ಹಿಂಗೆ. ಓದಿದೋರು, ಗೊತ್ತೈತೆ" ಎಂದು ಕಾರ್ಡನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಬಸ್ಸಿನಲ್ಲಿ ವಿಷಯ ಹೇಳಿದಾಗ ಭಾವ, "ಆ ಪದ ನಾನ್ ಮುಚ್ಚಿದ್ನಲ್ಲೋ" ಎಂದರು. ಮುಚ್ಚಿದ್ರಿ, ಆದ್ರೆ ಚೌಕ ಪಾರದರ್ಶಕ ಆಗೋಯ್ತು ಎಂದೆ. "ಪಾರದರ್ಶಕ ಆಗ್ಲಿ ಅಂತ ತಾನೇ ನೀನು ಇಷ್ಟ್ ವರ್ಷ ಬಡ್ಕಂತಿದ್ದಿದ್ದು? ಕೊನೆಗೆ ನೀನೂ ಮುಚ್ಚಿ ಬಂದ್ಯಲ್ಲ. ನಂದು ಬಿಳಿ, ನಿಂದು ಹಳದಿ" ಎಂದರು. ಮಿಕ್ಕ ಕಾರ್ಡುಗಳನ್ನೆಲ್ಲ ಆ ಪದ ಅಳಿಸಿಯೇ ಅಚ್ಚು ಹಾಕಿದೆವು. ಮನೆದೇವರ ಮುಂದಿನದನ್ನೂ ಬದಲಾಯಿಸಿದೆವು. ದೇವರು ಏನೂ ಅನ್ನಲಿಲ್ಲ. ಹಗರೆಯದೊಂದು ಉಳಿಯಿತು. ಹೊಳಪು ಕಾಗದದ ಹೊಸ ಕಾರ್ಡು ಹಿಡಿದುಕೊಂಡು ನಾನೇ ಮತ್ತೆ ಹೋಗಿ, "ಇದು ಚೆನ್ನಾಗಿದೆ ತಾತ, ಹಳೇದು ಕೊಡಿ" ಎಂದು ನೋಡಿದೆ. "ಮೊದಲ್ನೇದು ಮೊದಲ್ನೇದೇ ಕಣಪ್ಪಾ" ಎಂದು ಕೊಡಲಿಲ್ಲ. ಅದನ್ನು ದೇವರಕೋಣೆಯಲ್ಲಿ ಪಟದ ಗಾಜಿನ ಚೌಕಟ್ಟಿನ ಸಂದಿಗೆ ಸಿಕ್ಕಿಸಿದ್ದಾರೆ. ಅರಿಶಿನ ಒಣಗಿ ಅಂಚಿನಲ್ಲಿ ಸಣ್ಣಗೆ ಬಿರುಕು ಬಿಟ್ಟಿರುವುದನ್ನು ಬಾಗಿಲಿನಿಂದಲೇ ನೋಡಿ ಬಂದೆ. ಒಣಗಿದ ಅರಿಶಿನ ಎಷ್ಟು ದಿನ ಉದುರದೆ ನಿಲ್ಲುತ್ತದೆಂದು ಮನೆಯಲ್ಲಿ ಒಂದು ಕಾಗದಕ್ಕೆ ಹಚ್ಚಿಟ್ಟು ದಿನಾ ಊದಿ ಪರೀಕ್ಷಿಸುತ್ತಿದ್ದೇನೆ. ನನ್ನ ಹೆಂಡತಿ ಅರಿಶಿನದ ಡಬ್ಬಿಯನ್ನು ಬಚ್ಚಿಟ್ಟಿದ್ದಾಳೆ.

ಮದುವೆ ಬರುವ ತಿಂಗಳು. ಇವತ್ತು ಹಗರೆಯಿಂದ ಫೋನ್ ಬಂತು. ಸ್ವತಃ ತಾತ. "ಮೇಷ್ಟ್ರೇ, ನಿಮ್ ಮಾತು ಮನಸ್ಸಿಗ್ ನಾಟ್ತು. ಮನೇರು ಎಷ್ಟ್ ಬಡ್ಕಂಡ್ರೂ ಒಪ್ಪಿರ್ಲಿಲ್ಲ ನಾನು. ನಾಡಿದ್ದು ಹಾಸನದಾಗೆ ಕಣ್ಣಾಪರೇಷನ್ ಮಾಡಿಸ್ಕಂತಾ ಇವ್ನಿ. ಪಟ್ಟಿ ಬಿಚ್ಚಿದ್ ಕೂಡ್ಲೆ ಮೊದ್ಲು ಆ ಕಾರ್ಡೇ ಓದೋದು. ನೀವೂ ಬರ್ಬೇಕು, ಪಕ್ದಲ್ಲಿ ಕುಂತಿರ್ಬೇಕು" ಎಂದರು.

ಇಷ್ಟು ವರ್ಷ ಊರೂರು ಅಲೆದು ಹಳೆಯದನ್ನು ಬಿಟ್ಟು ಹೊಸದನ್ನು ಹಾಕಿಸಿಕೊಳ್ಳಿ ಎಂದು ಹೇಳಿದ್ದಕ್ಕೆ, ಮೊಟ್ಟಮೊದಲ ಬಾರಿಗೆ ಒಬ್ಬರು ಒಪ್ಪಿದ್ದಾರೆ. ಸ್ವಲ್ಪ ತಡೆಯಿರಿ ತಾತ, ಹಳೆಯದೇ ಇನ್ನೊಂದಷ್ಟು ದಿನ ನಡೆಯುತ್ತದೆ ಎಂದು ಬುದ್ಧಿ ಹೇಳಲು ನಾಳೆ ಬೆಳಗಿನ ಬಸ್ಸಿಗೆ ಹಗರೆಗೆ ಹೊರಟಿದ್ದೇನೆ.